ಗಂಡನ ಪಾಲಿನ ಇಂಜೆಕ್ಷನ್

ಮೂರನೆಯ ಸಲವೂ ತನಗೆ ಸಿಫಿಲಿಸ್ ಬಂದಿದೆ ಎಂದು ತಿಳಿದ ದಿನ ದರ್ಜಿಯ ಹೆಂಡತಿ ಗಂಡನ ಅಂಗಿಯ ಜೇಬುಗಳನ್ನು ತಡಕಿದಳು. ಒಂದು ಗುಂಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರು. ಅಷ್ಟೇ. ಅಷ್ಟೇ ಇರುವುದೇ ಅವಳಿಗೆ ಸರಿಕಾಣಲಿಲ್ಲ.

ಎಚ್‌ಐವಿ ಇಬ್ಬರಿಗೂ ಮದುವೆಗೆ ಮೊದಲೇ ಇತ್ತು. ಪರಿಚಯವಾಗಿದ್ದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಮಾತ್ರೆಯ ಸಾಲಿನಲ್ಲಿ. ಆ ವಿಷಯದಲ್ಲಿ ಮುಚ್ಚುಮರೆ ಇರಲಿಲ್ಲ. ಪರೀಕ್ಷೆಗೆ ರಕ್ತ ಕೊಡುವ ದಿನ ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

ಸಿಫಿಲಿಸ್ ಕಾಣಿಸಿದ್ದು ಮದುವೆಯಾದ ಮೇಲೆ. ಮೊದಲ ಸಲ ಯಾರೂ ಯಾರನ್ನೂ ದೂರಲಿಲ್ಲ. ಇಬ್ಬರಿಗೂ ಹಿಂದೊಂದು ಬದುಕಿತ್ತು. ಕೆಳಗಿನ ಮಹಡಿಯ ನರ್ಸ್ ಅವಳ ಸೊಂಟಕ್ಕೆ ಇಂಜೆಕ್ಷನ್ ಹಾಕಿ, ಗಂಡನನ್ನೂ ಕಳಿಸಲು ಹೇಳಿದ್ದಳು. ಮೈದುನ ದಾರ, ಗುಂಡಿ ತರಲು ಪೇಟೆಗೆ ಹೋಗಿದ್ದ, ಅಂಗಡಿ ಮುಚ್ಚುವಂತಿರಲಿಲ್ಲ. ಅವಳು ಬಂದು ಅಂಗಡಿಯಲ್ಲಿ ಕೂತ ಮೇಲೆ ಅವನು ಆಸ್ಪತ್ರೆಗೆ ಹೊರಟ. ಎರಡನೆಯ ಸಲವೂ ಹಾಗೆಯೇ.

“ಮಾತ್ರೆ ಆ ವೈರಸ್‌ನ ಅಡಗಿಸುತ್ತೆ, ಇದನ್ನಲ್ಲ,” ಎಂದಳು ನರ್ಸ್ ಈ ಸಲ. “ನಿಮ್ಮ ಯಜಮಾನ್ರಿಗೆ ಎರಡು ಸಲಾನೂ ನಾನೇ ಹಾಕಿದೀನಿ. ಪಾಪ, ಕಣ್ಣಲ್ಲಿ ನೀರು ಬಂದ್ರೂ ಉಸಿರೆತ್ತಲಿಲ್ಲ. ಮತ್ತೆ ಬಂದಿದೆ ಅಂದ್ರೆ ಹೊರಗಿಂದಾನೇ ಬಂದಿರಬೇಕು. ನೀವು...”

“ನಾನಲ್ಲ.”

“ಹಾಗಾದ್ರೆ ಅವರನ್ನ ಜೊತೇಲೇ ಕರ್ಕೊಂಡು ಬನ್ನಿ.”

ಅವಳು ಒಂದು ವಾರ ಕಣ್ಣಿಟ್ಟಳು. ಗಂಡ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಏನೂ ಆಗದವನಂತೆ ಮೆಷಿನ್ ಮುಂದೆ ಕೂತು ಹಾಡು ಗುನುಗುತ್ತಿದ್ದ. ತಪ್ಪಿತಸ್ಥನಂತೆ ಕಂಡವನು ಪಕ್ಕದ ಮೆಷಿನ್ನಿನ ಮೈದುನ. ಹಿಂದಿನ ಎರಡು ಸಲವೂ ಅವನು ಅವಳಿಗೆ ಮುಖ ಕೊಡದೆ, ನಾಲ್ಕಾರು ದಿನ ಬೆನ್ನು ತಿರುಗಿಸಿ ನಿಂತೇ ಬಟ್ಟೆ ಕತ್ತರಿಸಿದ್ದು ನೆನಪಾಯಿತು. ಇವನಿಗೆ ಎಲ್ಲ ಗೊತ್ತಿದೆ.

“ನಿಮ್ಮಣ್ಣ ಎಲ್ಲಿಗೆ ಹೋಗ್ತಾರೆ?” ಎಂದು ಕೇಳಿಯೇಬಿಟ್ಟಳು.

“ಎಲ್ಲಿಗೂ ಹೋಗಲ್ಲ ಅತ್ತಿಗೆ. ಅದೇ ತೊಂದರೆ.” ಅವನು ಕತ್ತರಿ ಕೆಳಗಿಟ್ಟ. “ಅವನಿಗೋಸ್ಕರ ನಾನು ಪಟ್ಟಿದ್ದು ಸಾಕು. ಇನ್ನು ನನ್ನ ಕೈಲಾಗಲ್ಲ.”

ಅವಳು ಮನೆಗೆ ಹೋಗಿ ಬಟ್ಟೆ ತುಂಬಿಕೊಂಡಳು. ಆಸ್ಪತ್ರೆಗೆ ಬಂದು ಈ ರೋಗ ಎಲ್ಲಿಂದ ತಂದಿರೆಂದು ನರ್ಸ್ ಎದುರೇ ಹೇಳಬೇಕು, ಇಲ್ಲವಾದರೆ ನಾನು ಅಕ್ಕನ ಮನೆಗೆ ಹೊರಟೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಗಂಡನಿಗೆ ತಿಳಿಸಿದಳು.

ಅವನ ಮುಖ ಬಿಳಿಚಿಕೊಂಡಿತು. “ನಿನ್ನ ಬಿಟ್ಟು ನನಗ್ಯಾರೂ ಇಲ್ಲ ಕಣೇ,” ಎಂದ. ಬಟ್ಟೆಯ ಚೀಲದ ಕಡೆ ನೋಡಿ, “ತಮ್ಮನೂ ಬರಲಿ,” ಎಂದ.

ಸಾಕ್ಷಿಗಿರಬೇಕು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಮೂವರೂ ಇಂಜೆಕ್ಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಅವಳ ತೊಡೆಯ ಮೇಲೆ ಬಟ್ಟೆಯ ಚೀಲ. ಸ್ಪಿರಿಟ್ ವಾಸನೆಗೆ ಗಂಡ ಬೆವರತೊಡಗಿದ್ದ. ಅವಳ ಕೈಗಾಗಿ ತಡಕಿದ. ಅವಳು ಕೊಡಲಿಲ್ಲ.

ಬಾಗಿಲು ತೆರೆಯಿತು. ನರ್ಸ್ ಅವಳನ್ನು ಕಂಡು ನಕ್ಕಳು. ಅವಳ ಗಂಡನನ್ನು ಯಾರೋ ಏನೋ ಎಂಬಂತೆ ನೋಡಿ, ಮೈದುನನ ಕಡೆ ತಿರುಗಿದಳು.

“ಬನ್ನಿ ಯಜಮಾನ್ರೇ, ಅಂತೂ ಹೆಂಡತಿ ಜೊತೆ ಬಂದ್ರಲ್ಲ. ಎರಡು ಸಲ ಬಲಗಡೆ ಆಯ್ತು, ಈ ಸಲ ಎಡಗಡೆಗೆ ಹಾಕೋಣ.”