ಹೊಸ ಗೀಸರ್

ಕರೆಂಟ್ ಬಿಲ್ ಬಂತೆಂದರೆ ವೀರಭದ್ರ ಹೆಂಡತಿಗೆ ಹೊಡೆಯುತ್ತಿದ್ದ. "ದಿನಾ ಬಿಸಿನೀರಾಗ ಈಜ್ತೀಯೇನು?" ಎಂದು ಕೂದಲು ಹಿಡಿದು ಬಚ್ಚಲಿಗೆ ಎಳೆದೊಯ್ದು, ತಲೆಯನ್ನು ಗೋಡೆಗೆ ಚಚ್ಚುತ್ತಿದ್ದ. ಕಸ್ತೂರಿ ಚಳಿಗಾಲದಲ್ಲೂ ತಣ್ಣೀರು ಸುರಿದುಕೊಂಡಳು. ಆದರೂ ಗಂಡನ ಸ್ನಾನಕ್ಕೆ ಗೀಸರ್ ಉರಿಯಲೇಬೇಕು, ಬಿಲ್ ಇಳಿಯಲಿಲ್ಲ.

ದೀಪಾವಳಿಗೆ ಬಂದ ಅಣ್ಣ ಅವಳ ಹಣೆಯ ಹೊಲಿಗೆ ನೋಡಿ ಹಲ್ಲು ಕಡಿದ. "ಇವತ್ತ ಅವನ್ನ ಬಿಡಂಗಿಲ್ಲ."

"ಅವರು ಕೆಟ್ಟವರಲ್ಲ ಅಣ್ಣಾ. ಗೀಸರ್ ಹಳೇದಾಗೇತಿ, ಬರೇ ಕರೆಂಟ್ ತಿಂತೈತಿ. ಅದೊಂದು ಬದಲಾದ್ರ ಎಲ್ಲಾ ಸರಿ ಹೋಗ್ತೈತಿ."

ಅಣ್ಣ ಮರುದಿನವೇ ಕಡಿಮೆ ಕರೆಂಟ್ ಎಳೆಯುವ ಹೊಸ ಗೀಸರ್ ಹಾಕಿಸಿಕೊಟ್ಟು, ತಂಗಿಯ ತಲೆ ಸವರಿ ಊರಿಗೆ ಹೋದ.

ಮುಂದಿನ ಬಿಲ್ ಅರ್ಧಕ್ಕೆ ಇಳಿದಿತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಕಸ್ತೂರಿ ಗಂಡ ಬರುವುದನ್ನೇ ಬಾಗಿಲಲ್ಲಿ ನಿಂತು ಕಾದಳು. "ನೋಡ್ರಿ, ಎಷ್ಟ ಕಡಿಮಿ ಬಂದೈತಿ!"

ವೀರಭದ್ರ ಒಳಗೆ ಬಂದು ಬಿಲ್ಲನ್ನು ಮತ್ತೆ ಮತ್ತೆ ಓದಿದ. ಆಮೇಲೆ ಬಾಗಿಲಿಗೆ ಚಿಲಕ ಹಾಕಿದ.

"ಅಂದ್ರ ಇಷ್ಟು ವರ್ಷ ನನ್ನ ಅರ್ಧ ರೊಕ್ಕ ಸುಮ್ನ ಸುಟ್ಟಿ," ಎನ್ನುತ್ತ ಬೆಲ್ಟ್ ಬಿಚ್ಚಿದ.