ಮಾದರಿ ಮನೆಗೆ ಒಕ್ಕಲು

"ಬಾಗಿಲು ತೆಗೀರಿ! ಇದು ಕಂಪನಿ ಮನೆ!" ಮ್ಯಾನೇಜರ್ ದಬದಬ ಬಡಿದ.

ಒಳಗಿನಿಂದ ಅಗುಳಿ ಬಿದ್ದಿತ್ತು. ಪಕ್ಕದ ಕಿಟಕಿ ತೆರೆಯಿತು. ಒಳಗಿದ್ದ ಹೆಂಗಸು ಕುಳ್ಳಿ; ಹಣೆ, ಕಣ್ಣು ಮಾತ್ರ ಕಾಣುತ್ತಿದ್ದವು.

"ಹಾಗೆ ಕೂಗಬೇಡ್ರೀ, ಗಂಟಲು ಕಟ್ಟುತ್ತೆ," ಎಂದಳು. "ನನ್ನ ಮನೆ ಕೊಡಿ, ಈ ಮನೆ ತಗೊಳ್ಳಿ. ಅಷ್ಟೇ."

ಮ್ಯಾನೇಜರಿನ ಹಿಂದೆ ನಿಂತಿದ್ದ ಯಜಮಾನನ ಮುಖ ಕೆಂಪೇರಿತು. ಬಡಾವಣೆ ಕಟ್ಟುತ್ತೇನೆಂದು ಊರಿಗೆಲ್ಲ ಸಾರಿದ ಬಿಲ್ಡರ್ ಅವನೇ. ಸಾಲುಮನೆ, ಉದ್ಯಾನ, ಈಜುಕೊಳ ಎಲ್ಲವೂ ಬಣ್ಣದ ಚಿತ್ರದಲ್ಲಿ ಮುಗಿದಿದ್ದವು. ನೆಲದ ಮೇಲೆ ಮುಗಿದದ್ದು ಒಂದು ದೊಡ್ಡ ಗೇಟು, ಅವನ ಆಫೀಸು ಮತ್ತು ಗಿರಾಕಿಗಳಿಗೆ ತೋರಿಸಲು ಕಟ್ಟಿದ ಈ ಮಾದರಿ ಮನೆ. ಉಳಿದ ಕಡೆಯೆಲ್ಲ ಪಾಯದ ಗುಂಡಿ, ಗುಂಡಿ ತುಂಬ ನೀರು. ದುಡ್ಡು ಕೊಟ್ಟವರು ಇನ್ನೂ ಕಾಯುತ್ತಿದ್ದರು. ಕಪ್ಪೆಗಳು ಮಾತ್ರ ಬಿಡಿಗಾಸು ಕೊಡದೆ ಒಕ್ಕಲಾಗಿದ್ದವು.

ಮನೆ ಕೊಂಡವರು ಕೋರ್ಟಿಗೆ ಹೋಗಿದ್ದರು. ಯಜಮಾನನ ವಕೀಲ ವಾಯಿದೆಯ ಮೇಲೆ ವಾಯಿದೆ ಪಡೆದು ಅವರನ್ನು ಸುಸ್ತು ಮಾಡಿದ್ದ. ಹಲವರು ಕೈಚೆಲ್ಲಿ ಕೂತರು. ಈಕೆ ಮಾತ್ರ ಬಾಡಿಗೆ ಮನೆ ಖಾಲಿ ಮಾಡಿ, ಒಲೆ, ಹಾಸಿಗೆ, ಬಕೆಟ್ಟು ಹೊತ್ತು ಬಂದು ಇಲ್ಲಿ ಸೇರಿಕೊಂಡಳು. ಇಲ್ಲಿಂದ ದಬ್ಬಿದರೆ ಬೀದಿಯೇ ಗತಿ. ಅದು ಗೊತ್ತಿದ್ದೂ ಬಂದವಳ ಎದೆಗಾರಿಕೆಯನ್ನು ಮೆಚ್ಚಲೇಬೇಕು.

"ಇವಳನ್ನ ಒಳಗೆ ಬಿಟ್ಟೋರು ಯಾರು?" ಯಜಮಾನ ಗುಡುಗಿದ.

"ಬೀಗ ಸಡಿಲ ಇತ್ತು ಸಾರ್," ಎಂದ ಮ್ಯಾನೇಜರ್.

"ಒಡಿ ಬಾಗಿಲು!"

"ಒಡೀಬಹುದು ಸಾರ್. ಆದ್ರೆ ಮಧ್ಯಾಹ್ನ ಗಿರಾಕಿಗಳು ಬರ್ತಾರೆ. ಮಾದರಿ ಮನೆಗೇ ಬಾಗಿಲಿಲ್ಲ ಅಂದ್ರೆ ಚೆನ್ನಾಗಿರುತ್ತಾ?"

ಯಜಮಾನ ಬಾಗಿಲು ಒಡೆಸುವುದನ್ನು ಕೈಬಿಟ್ಟ. ಪೊಲೀಸರನ್ನು ಕರೆಸಿದ, ಇದು ಕೋರ್ಟಿನಲ್ಲಿ ಬಗೆಹರಿಯಬೇಕಾದ ವ್ಯವಹಾರ ಎಂದು ಅವರು ಜಾರಿಕೊಂಡರು. ಕರೆಂಟು ತೆಗೆಸೋಣ ಎಂದ ಮ್ಯಾನೇಜರ್. ತೆಗೆಸಿದರು. ಆಫೀಸಿನ ಎಸಿಯೂ ನಿಂತುಹೋಯಿತು. ಎರಡಕ್ಕೂ ಒಂದೇ ಲೈನು. ಬೆವರು ಒರೆಸುತ್ತ ಯಜಮಾನನೇ ಮತ್ತೆ ಹಾಕಿಸಿದ.

ಹಾಗೆಂದು ಮ್ಯಾನೇಜರಿನ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹಾಜರ್. ಸಂಜೆ ಅವನು ಮನೆಗೆ ಹೊರಟದ್ದನ್ನು ಕಂಡವರೇ ಇಲ್ಲ. ಕೇಳಿದರೆ, "ಆಯಮ್ಮನ ಮೇಲೆ ಕಣ್ಣಿಡಬೇಕಲ್ಲ ಸಾರ್," ಎನ್ನುತ್ತಿದ್ದ. ಯಜಮಾನನಿಗೆ ಖುಷಿಯಾಯಿತು. ಕೆಲಸದವರ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಜಾಯಮಾನ ಅವನದಲ್ಲ. ಮನೆ ಕೊಂಡವರ ಮುಖವನ್ನೂ ಅವನು ನೋಡಿದವನಲ್ಲ. ಅದೆಲ್ಲ ಮ್ಯಾನೇಜರಿನ ಪಾಲು.

ಒಂದು ಮಧ್ಯಾಹ್ನ ಗಿರಾಕಿಗಳು ಬಂದರು. ಅವರಿಗೆ ಹೆಂಗಸು ತಾನೇ ಬಾಗಿಲು ತೆರೆದಳು.

"ಬನ್ನಿ ಬನ್ನಿ. ಇದು ಟೀವಿ, ರಟ್ಟಿನದು. ಇದು ನಲ್ಲಿ, ಹಿಂದೆ ಪೈಪಿಲ್ಲ. ಈ ಮಂಚ ಅಳತೆಗಿಂತ ಗಿಡ್ಡ. ಕೋಣೆ ದೊಡ್ಡದಾಗಿ ಕಾಣ್ಲಿ ಅಂತ ಮಾಡಿಸಿದ್ದು. ಎತ್ತರದ ಗಂಡಸು ಮಲಗಿದ್ರೆ ರಾತ್ರಿಯೆಲ್ಲ ಕಾಲು ಹೊರಗೆ."

"ಇಷ್ಟೆಲ್ಲ ಹೇಗೆ ತಿಳ್ಕೊಂಡ್ರಿ?" ಒಬ್ಬ ಗಿರಾಕಿ ಬೆರಗಾದ.

"ಇವರ ಪುಣ್ಯ," ಎಂದು ಮ್ಯಾನೇಜರಿನ ಕಡೆ ಕೈ ತೋರಿಸಿದಳು. ಮ್ಯಾನೇಜರ್ ತಲೆ ತಗ್ಗಿಸಿದ. ಗಿರಾಕಿಗಳು ಬಂದ ದಾರಿ ಹಿಡಿದರು.

ಯಜಮಾನ ಅವಳನ್ನು ಹೊರಹಾಕಲು ಮೊಕದ್ದಮೆ ಹೂಡಿದ. ಅವಳ ಉತ್ತರ ಸರಳವಾಗಿತ್ತು: ನಿಮ್ಮ ಮನೆ ಮುಗಿಯುವವರೆಗೆ ಈ ಮನೆಯಲ್ಲೇ ಇರಿ ಎಂದು ಕಂಪನಿಯ ಮ್ಯಾನೇಜರೇ ಮಾತು ಕೊಟ್ಟಿದ್ದಾರೆ. ಅದು ಅವನು ಎದೆಯ ಮೇಲೆ ಕೈಯಿಟ್ಟು ಎಲ್ಲ ಗಿರಾಕಿಗಳಿಗೂ ಬಿಡುತ್ತಿದ್ದ ಡೈಲಾಗು. ಅಂಗೈಯಲ್ಲಿ ಅರಮನೆ ತೋರಿಸುವುದೇ ಅವನ ಕಸುಬು. ಆ ಅರಮನೆಗೆ ಸಾಮಾನು ಸಮೇತ ಬಂದವಳು ಇವಳೊಬ್ಬಳೇ.

"ಅಂಥ ಮಾತು ಕೊಟ್ಟಿಲ್ಲ ಅನ್ನು ಸಾಕು," ಎಂದು ಯಜಮಾನ ಮ್ಯಾನೇಜರಿನ ಬೆನ್ನು ತಟ್ಟಿದ. "ಕೆಲಸ ಉಳಿಯುತ್ತೆ. ಸಂಬಳಾನೂ ಏರುತ್ತೆ."

"ಏನು ಹೇಳಬೇಕು ಅಂತ ಗೊತ್ತು ಸಾರ್."

ಕೋರ್ಟು ಕಿಕ್ಕಿರಿದಿತ್ತು. ಮನೆ ಕೊಂಡು ಕೈಚೆಲ್ಲಿದ್ದವರೂ ಹಿಂದಿನ ಬೆಂಚುಗಳಲ್ಲಿ ಬಂದು ಕೂತಿದ್ದರು. ಕಟಕಟೆಯಲ್ಲಿ ಮ್ಯಾನೇಜರ್ ನಿಂತ. ಕಂಪನಿಯ ವಕೀಲ ಆರಾಮಾಗಿ ಕೇಳಿದ, "ಮಾದರಿ ಮನೇಲಿ ಇರಿ ಅಂತ ನೀವು ಈಕೆಗೆ ಮಾತು ಕೊಟ್ಟಿದ್ರಾ?"

"ಕೊಟ್ಟಿದ್ದೆ."

ಯಜಮಾನ ಕುರ್ಚಿಯಿಂದ ಅರ್ಧ ಎದ್ದ.

"ಕಂಪನಿ ಪರವಾಗೇ ಕೊಟ್ಟಿದ್ದು," ಮ್ಯಾನೇಜರ್ ಮುಂದುವರಿಸಿದ. "ಹೀಗೆ ಹೇಳು ಅಂತ ಯಜಮಾನ್ರೇ ಕಲಿಸಿದ್ರು. ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟೆ."

"ನಮಗೂ ಕೊಟ್ಟಿದ್ರು!" ಹಿಂದಿನಿಂದ ಒಂದು ದನಿ. "ನಮಗೂ!" ಇನ್ನೊಂದು. ಬೆಂಚುಗಳು ಕಿರುಗುಟ್ಟಿದವು, ಸಾಲಿಗೆ ಸಾಲೇ ಎದ್ದು ನಿಂತಿತು. ನ್ಯಾಯಾಧೀಶರು ಮೇಜು ಕುಟ್ಟಿ ಎಲ್ಲರನ್ನೂ ಕೂರಿಸಬೇಕಾಯಿತು.

ವಕೀಲ ಸಾವರಿಸಿಕೊಂಡ. ಈಗ ತನ್ನ ಸಾಕ್ಷಿಯನ್ನೇ ಸುಳ್ಳುಗಾರನನ್ನಾಗಿ ಮಾಡದೆ ಅವನಿಗೆ ಗತ್ಯಂತರವಿರಲಿಲ್ಲ. "ಊರಿಗೆಲ್ಲ ಮನೆ ಮಾರಿದವರು ನೀವು. ಈ ಒಬ್ಬ ಹೆಂಗಸಿಗೆ ಅವತ್ತು ಏನು ಹೇಳಿದ್ರಿ ಅಂತ ಇಷ್ಟು ಖಚಿತವಾಗಿ ಹೇಗ್ರೀ ನೆನಪಿದೆ?"

ಮ್ಯಾನೇಜರ್ ಎದೆಯ ಮೇಲಿದ್ದ ಕಂಪನಿಯ ಬಿಲ್ಲೆಯನ್ನು ಕಳಚಿ ಕಟಕಟೆಯ ಮೇಲಿಟ್ಟ. ಮೊದಲ ಸಲ ತಲೆಯೆತ್ತಿ ನೇರವಾಗಿ ಅವಳನ್ನೇ ನೋಡಿದ.

"ಮರೆಯೋಕೆ ಬಿಟ್ರೆ ತಾನೇ ಸಾರ್? ದಿನಾ ಊಟಕ್ಕೆ ಬಡಿಸೋವಾಗ ಅದನ್ನೇ ಎತ್ತಿ ಆಡ್ತಾಳೆ, ನನ್ನ ಹೆಂಡ್ತಿ."