ಏಳು ಸಾಲಿನ ಕಾಗದ

ಭಾನುವಾರ, ಬೆಳಿಗ್ಗೆ ಆರೂಕಾಲು. ಗೊಬ್ಬರದ ಚೀಲದ ಹೊದಿಕೆ ಹಾಕಿದ್ದ ನನ್ನ ಇಂಗ್ಲಿಷ್ ನಿಘಂಟಿನ ವಾಸನೆ ಆ ಮಧ್ಯಾಹ್ನವನ್ನು ಮತ್ತೆ ತಂದಿತು.

ನಾನಾಗ ಏಳನೇ ತರಗತಿ. ಹೆಗ್ಗದ್ದೆ ಕಡೆಯ ಎಸ್ಟೇಟ್ ಒಂದರ ಕೂಲಿ ಲೈನಿನ ಸಾಲುಮನೆಯಲ್ಲಿದ್ದೆವು. ಹನ್ನೊಂದು ಮನೆಗಳಿಗೆ ಒಂದು ನಲ್ಲಿಯೂ ಇರಲಿಲ್ಲ. ಅದನ್ನು ಕೇಳಲು ಅಮ್ಮ ಮ್ಯಾನೇಜರ ಜೀಪು ನಿಲ್ಲಿಸಿ, ಕೈಮುಗಿದು ಮಾತಾಡಿದ್ದಳು. ನಡೆದದ್ದನ್ನು ಬರೆದುಕೊಡಬೇಕೆಂದು ಮ್ಯಾನೇಜರು ಹೇಳಿಕಳಿಸಿದರು.

"ಇಂಗ್ಲಿಷಲ್ಲೇ ಬರಿ ಕಣೇ, ಮರ್ವಾದೆ ಇರ್ತೈತೆ," ಎಂದಳು ಅಮ್ಮ.

ಆ ಮಧ್ಯಾಹ್ನ ಕೂತು ಏಳು ಸಾಲು ಬರೆದೆ. 'ಮಾತಾಡಿಸಿದಳು' ಎನ್ನಲು ಸಣ್ಣ ಪದ ಸಾಲದೆನಿಸಿ, ನಿಘಂಟಿನಿಂದ 'ಅಕಾಸ್ಟ್' ಆರಿಸಿದೆ. ಧೈರ್ಯವಾಗಿ ಎದುರು ಹೋಗಿ ಮಾತಾಡಿಸು ಎಂದು ಅರ್ಥ ಕೊಟ್ಟಿದ್ದರು. ಅಮ್ಮ ಹೆಬ್ಬೆಟ್ಟೊತ್ತಿ ಕೊಟ್ಟು ಬಂದಳು.

"ಸಾಹೇಬ್ರು ಎರಡು ಸಲ ಓದಿದ್ರು ಕಣೇ. ಯಾರು ಬರ್ದಿದ್ದು ಅಂದ್ರು. ನನ್ ಮಗ್ಳು ಅಂದೆ!"

ಮೂರನೇ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಗಿಲಿಗೆ ಬಂದ. "ಸಾಹೇಬ್ರ ಮೇಲೆ ನುಗ್ಗಿದ್ದನ್ನ ನೀನೇ ಬರ್ಕೊಟ್ಟಿದ್ದೀಯಂತಲ್ಲಮ್ಮ, 'ಅಕಾಸ್ಟ್' ಅಂತ. ಲೈನ್ ಖಾಲಿ ಮಾಡ್ಬೇಕಂತೆ."

"ನನ್ ಮಗ್ಳು ಹಂಗೆ ಬರಿಯೋಳಲ್ಲ ಕಣ್ರೀ," ಎಂದಳು ಅಮ್ಮ.

ನಾನು ನಿಘಂಟನ್ನು ಬಟ್ಟೆಗಳ ಅಡಿಗೆ ತಳ್ಳಿದೆ. ಸಂಜೆಯೊಳಗೆ ನಾಲ್ಕು ಗಂಟು ಕಟ್ಟಿದೆವು.

ನಾವು ಹೋದ ಮೇಲೆ ಆ ಲೈನಿಗೆ ನಲ್ಲಿ ಬಂತೇ? ಅಲ್ಲಿದ್ದವರು ಯಾರಾದರೂ ಇದನ್ನು ಓದಿದರೆ ನನಗೊಂದು ಸಾಲು ಬರೆಯಿರಿ.